ಗೊಜ್ಜುಸಿದ್ಧಾಂತ ಅಥವಾ ಇಂದಿರಾನಗರದಲ್ಲಿ ರಾಷ್ಟ್ರಗಳ ಉತ್ಪತ್ತಿ

ರಾಷ್ಟ್ರ ಎಂದರೇನು ಎಂಬ ಪ್ರಶ್ನೆಗೆ ರಾಜ್ಯಶಾಸ್ತ್ರದ ಪಂಡಿತರು ಗಡಿ, ಭಾಷೆ, ಸೇನೆ, ಧ್ವಜ ಎಂದು ನಾನಾ ಉತ್ತರ ಕೊಟ್ಟು ದಣಿದಿದ್ದಾರೆ. ಶನಿವಾರ ಸಂಜೆ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಟೇಬಲ್ ಖಾಲಿಯಾಗಲೆಂದು ಕಾದು ನಿಂತ ಅನುಭವ ಅವರಲ್ಲಿ ಯಾರಿಗೂ ಇಲ್ಲವೆಂಬುದು ಅವರ ಗ್ರಂಥಗಳಿಂದಲೇ ತಿಳಿಯುತ್ತದೆ. ಆ ರಸ್ತೆ ಮತ್ತು ಅದರ ಅಡ್ಡರಸ್ತೆಗಳಲ್ಲಿ ಇಟಲಿ, ಜಪಾನ್, ಥಾಯ್ಲೆಂಡ್, ಮೆಕ್ಸಿಕೊ, ಕೊರಿಯಾಗಳು ಗಡಿತಂಟೆಯಿಲ್ಲದೆ ನೆಲೆಸಿವೆ. ತಂಟೆ ಏನಿದ್ದರೂ ಪಾರ್ಕಿಂಗಿನದು. ಇವನ್ನು ಒಂದರಿಂದ ಒಂದು ಬೇರೆ ಮಾಡುವುದು ಯಾವುದೆಂದು ಮೆನು ಕಾರ್ಡ್ ಹಿಡಿದು ಕೂಲಂಕಷವಾಗಿ ಶೋಧಿಸಿದರೆ ಕೊನೆಗೆ ಉಳಿಯುವ ವಸ್ತು ಒಂದೇ, ಅದು ಗೊಜ್ಜು. ಪನೀರು, ಕೋಳಿ, ಹೂಕೋಸು, ಅಣಬೆ, ಬೇಬಿಕಾರ್ನ್ ಸಕಲ ದೇಶಗಳಿಗೂ ಸಾಮಾನ್ಯ. ಆದ್ದರಿಂದ ಪ್ರಕೃತ ಪ್ರಬಂಧದ ಪ್ರತಿಜ್ಞೆ ಹೀಗಿದೆ: ಬೆಂಗಳೂರಿನಲ್ಲಿ ವಿದೇಶತ್ವವು ಗೊಜ್ಜಿನ ಧರ್ಮ, ಪದಾರ್ಥದ ಧರ್ಮವಲ್ಲ. ಹೇತು: ಗೊಜ್ಜು ಬದಲಾದರೆ ದೇಶ ಬದಲಾಗುತ್ತದೆ, ಪದಾರ್ಥ ಬದಲಾದರೆ ಬೆಲೆ ಮಾತ್ರ ಬದಲಾಗುತ್ತದೆ. ದೃಷ್ಟಾಂತ: ಪುಳಿಯೋಗರೆ. ಗೊಜ್ಜು ಕಾಯಿಸಿ ಡಬ್ಬಿಗೆ ತುಂಬಿಟ್ಟವರು ಅನ್ನ ಬೆಳಗಿನದೋ ನಿನ್ನೆಯದೋ ಎಂದು ವಿಚಾರಿಸುವುದಿಲ್ಲ. ಕಲಸಿದ ಕ್ಷಣಕ್ಕೆ ಅದು ಪುಳಿಯೋಗರೆ.

ಮೊದಲ ಪ್ರಮಾಣ ಮಂಚೂರಿಯಾ. ಚೀನಾದ ಈಶಾನ್ಯದಲ್ಲಿ ಅದೇ ಹೆಸರಿನ ಅತಿಶೀತದ ಪ್ರದೇಶವೊಂದಿದೆ. ಅಲ್ಲಿಯವರು ಕೋಸನ್ನು ಹುಳಿ ಬರಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ನಮಗೆ ಪ್ರಸ್ತುತವಾದ ಮಂಚೂರಿಯಾ ಅದಲ್ಲ. ಇದು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ, ಕೋಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಬಾಣಸಿಗರ ಕೈಯಲ್ಲಿ ಹುಟ್ಟಿತೆಂಬುದು ಪ್ರಸಿದ್ಧ ಕಥೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಗರಂ ಮಸಾಲೆ ಬೀಳಬೇಕಾದ ಜಾಗದಲ್ಲಿ ಸೋಯಾ ಸಾಸ್ ಬಿತ್ತು, ಕಾರ್ನ್‌ಫ್ಲೋರ್ ಅದನ್ನು ಗಟ್ಟಿ ಮಾಡಿತು, ಒಂದು ದೇಶ ಸಿದ್ಧವಾಯಿತು. ಅದರೊಳಗೆ ಆಗ ಇದ್ದದ್ದು ಕೋಳಿ. ಕರ್ನಾಟಕಕ್ಕೆ ಬರುವಷ್ಟರಲ್ಲಿ ಕೋಳಿ ಜಾಗ ಖಾಲಿ ಮಾಡಿ ಹೂಕೋಸು ಬಂದು ಕೂತಿತು. ಪ್ರಜೆಗಳೆಲ್ಲ ಬದಲಾದರೂ ರಾಷ್ಟ್ರ ಕೂದಲೂ ಕೊಂಕದೆ ಉಳಿದ ಉದಾಹರಣೆ ಲೋಕದ ಇತಿಹಾಸದಲ್ಲಿ ಇನ್ನೊಂದಿರಲಾರದು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಕೆಲವರು ಇದನ್ನು ಆಂತರಿಕ ವ್ಯವಹಾರದಲ್ಲಿ ಹಸ್ತಕ್ಷೇಪವೆಂದು ಭಾವಿಸಿದರು. ವಾಸ್ತವದಲ್ಲಿ ಸರ್ಕಾರ ಮುಟ್ಟಿದ್ದು ಧ್ವಜದ ಬಣ್ಣವನ್ನಷ್ಟೆ. ಗೊಜ್ಜಿನ ಸಾರ್ವಭೌಮತ್ವಕ್ಕೆ ಚ್ಯುತಿ ಬರಲಿಲ್ಲ, ಗಾಡಿಗಳ ಮುಂದೆ ಜನ ಕರಗಲೂ ಇಲ್ಲ.

ಇಟಲಿಯ ಪ್ರಕರಣ ಇನ್ನೂ ಸ್ಪಷ್ಟ. ಆ ದೇಶ ಒಂದಾದದ್ದು 1861ರಲ್ಲಿ, ಬಹಳ ರಕ್ತ ಹರಿದ ಮೇಲೆ. ಬೆಂಗಳೂರಿನಲ್ಲಿ ಇಟಲಿ ಎರಡು ಸಂಸ್ಥಾನಗಳಾಗಿತ್ತು, ರೆಡ್ ಸಾಸ್ ಮತ್ತು ವೈಟ್ ಸಾಸ್. ಯಾವುದು ಬೇಕೆಂದು ನಿರ್ಧರಿಸಲಾಗದ ಗಿರಾಕಿಗಾಗಿ ಎರಡನ್ನೂ ಒಂದೇ ಬಾಣಲೆಗೆ ಸುರಿದು ಪಿಂಕ್ ಸಾಸ್ ಮಾಡುವ ಮೂಲಕ ಏಕೀಕರಣ ಶಾಂತಿಯುತವಾಗಿ ಮುಗಿಯಿತು. ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಗೊಜ್ಜೇ ದೇಶವಾದರೆ, ಈರುಳ್ಳಿ ಬೆಳ್ಳುಳ್ಳಿ ಎರಡನ್ನೂ ತೆಗೆದ ಜೈನ್ ಪಾಸ್ತಾ ಇನ್ನೂ ಇಟಲಿಯದೇ ಆಗಿ ಉಳಿಯುವುದು ಹೇಗೆ? ಗೊಜ್ಜಿನ ಪ್ರಾಣವನ್ನೇ ತೆಗೆದಿದ್ದೀರಲ್ಲ? ಆಕ್ಷೇಪ ಬಲವಾದದ್ದೇ. ಸಮಾಧಾನ: ಗೊಜ್ಜಿಗೆ ದ್ರವರೂಪ, ಚೂರ್ಣರೂಪ ಎಂದು ಎರಡು ಅವಸ್ಥೆಗಳುಂಟು, ಚಟ್ನಿಪುಡಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಟಲಿಯ ಚೂರ್ಣರೂಪ ಒರೆಗಾನೊ. ಪಿಜ್ಜಾದ ಜೊತೆ ಬರುವ ಅದರ ಪುಟ್ಟ ಪೊಟ್ಟಣಗಳನ್ನು ಮಧ್ಯಮವರ್ಗದ ಕುಟುಂಬ ಎಂದೂ ಅಲ್ಲೇ ಬಿಟ್ಟು ಬರುವುದಿಲ್ಲ. ಅವು ಪರ್ಸು ಸೇರಿ, ಫ್ರಿಜ್ಜಿನ ಬಾಗಿಲಿಗೆ ವರ್ಗವಾಗಿ, ಮುಂದೊಂದು ದಿನ ಬ್ರೆಡ್ ಟೋಸ್ಟಿನ ಮೇಲೋ ಉಪ್ಪಿಟ್ಟಿನ ಮೇಲೋ ಉದುರುತ್ತವೆ. ಉದುರಿದ ಕೂಡಲೇ ಮಕ್ಕಳು ತಕರಾರಿಲ್ಲದೆ ತಟ್ಟೆ ಖಾಲಿ ಮಾಡುವುದರಿಂದ ಅಷ್ಟು ಹೊತ್ತು ಆ ಉಪ್ಪಿಟ್ಟು ಇಟಲಿಯದೇ ಎಂದು ಒಪ್ಪಬೇಕಾಗುತ್ತದೆ.

ಚರಿತ್ರೆಯ ಪ್ರಮಾಣವೂ ಇದೆ. ಬೆಂಗಳೂರಿನಲ್ಲಿ ಚೀನೀ ಹೋಟೆಲುಗಳು ದಶಕಗಳಿಂದ ಇದ್ದವು. ಅವುಗಳ ವಿರುದ್ಧ ಯಾರೂ ಚಳವಳಿ ಹೂಡಲಿಲ್ಲ. 1995ರ ಜೂನ್‌ನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ದೇಶದ ತನ್ನ ಮೊದಲ ಮಳಿಗೆ ತೆರೆದಾಗ ಮಾತ್ರ ರೈತ ಸಂಘ ಬೀದಿಗಿಳಿಯಿತು. 1996ರ ಜನವರಿಯಲ್ಲಿ ಮಳಿಗೆಯ ಮೇಲೆ ದಾಳಿಯೇ ನಡೆಯಿತು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ವಾದ ಬೀಜ, ಬೇಸಾಯ, ಬಹುರಾಷ್ಟ್ರೀಯ ಬಂಡವಾಳಗಳದ್ದು; ಅದರ ಗಾಂಭೀರ್ಯವನ್ನು ಈ ಪ್ರಬಂಧ ಕದಡುವುದಿಲ್ಲ. ಗಮನಿಸಬೇಕಾದ ಒಂದು ಸಣ್ಣ ಸಂಗತಿ ಮಾತ್ರ ಇದೆ: ಅಂದು ಬಂದದ್ದು ಒಣಗಿದ, ಕರಿದ, ಗೊಜ್ಜಿಲ್ಲದ ಕೋಳಿ. ಪಾಲಿಕೆ ಪರವಾನಗಿಗೆ ಅಡ್ಡಿ ಮಾಡಿದ್ದೂ ಕೋಳಿಯ ಮೇಲಿನ ಆಕ್ಷೇಪದಿಂದಲ್ಲ, ಜನ ಅಜಿನೊಮೊಟೊ ಎನ್ನುವ ಉಪ್ಪು ಹೆಚ್ಚಾಯಿತೆಂದು. ಕಾನೂನಿನ ಕಣ್ಣು ಕೂಡ ಪದಾರ್ಥವನ್ನು ದಾಟಿ ಅದಕ್ಕೆ ಬಳಿದದ್ದರ ಮೇಲೆಯೇ ಬಿತ್ತು. ಮುಂದೆ ಅದೇ ಕಂಪನಿ ಅನ್ನದ ಮೇಲೆ ಗ್ರೇವಿ ಹಾಕಿ ಬಟ್ಟಲಲ್ಲಿ ಮಾರತೊಡಗಿತು. ಪಶ್ಚಾತ್ತಾಪವೆಂದರೆ ಇದೇ.

ಇನ್ನು ಅತಿದೊಡ್ಡ ಆಕ್ಷೇಪ, ಶುದ್ಧಿವಾದಿಗಳದ್ದು. ವಿದೇಶಕ್ಕೆ ಎರಡು ವಾರ ಹೋಗಿ ಬಂದ ಇವರು ಪ್ರತಿ ಟೇಬಲ್ಲಿನಲ್ಲೂ ಒಬ್ಬರಂತೆ ಇರುತ್ತಾರೆ. ಅವರ ವಾದ: ನೀವು ಹೇಳುವುದೆಲ್ಲ ನಕಲಿಗೆ ಅನ್ವಯ, ಅಸಲಿ ಬೇರೆಯೇ ಇದೆ. ಅಸಲಿಯನ್ನು ಹುಡುಕಿಕೊಂಡು ಹೋಗೋಣ. ಸೀಸರ್ ಸಲಾಡ್ ರೋಮಿನದಲ್ಲ, ಇಟಲಿಯಿಂದ ವಲಸೆ ಬಂದ ಹೋಟೆಲ್ ಮಾಲೀಕನೊಬ್ಬ ಮೆಕ್ಸಿಕೊದ ತಿಹುವಾನಾದಲ್ಲಿ ಮಾಡಿದ್ದು. ಅನಾನಸ್ ಹಾಕಿದ ಹವಾಯಿಯನ್ ಪಿಜ್ಜಾ 1962ರಲ್ಲಿ ಕೆನಡಾದಲ್ಲಿ ಗ್ರೀಸ್ ಮೂಲದವನೊಬ್ಬನಿಂದ ಆದದ್ದು. ಅನಾನಸ್ ಗೊಜ್ಜಿಲ್ಲದೆ ಮದುವೆ ಊಟವೇ ಏಳದ ನಾಡಿನಲ್ಲಿ ಅದಕ್ಕೆ ಮೂಗು ಮುರಿಯುವವರಿರುವುದು ಸೋಜಿಗ. ಥಾಯ್ ಸರ್ಕಾರವಂತೂ 2002ರಲ್ಲಿ ಹೊರದೇಶಗಳಲ್ಲಿ ಥಾಯ್ ಹೋಟೆಲುಗಳನ್ನು ಹೆಚ್ಚಿಸುವುದನ್ನೇ ರಾಜ್ಯನೀತಿ ಮಾಡಿಕೊಂಡಿತು. ಕೆಂಪು, ಹಸಿರು, ಹಳದಿ ಕರಿಗಳ ಆ ಒಕ್ಕೂಟ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪಳಗಿದವರಿಗೆ ಬೇಗ ಹಿಡಿಸಿತು. ಸಿಚುವಾನಿನ ವಿಚಾರವಂತೂ ಶುದ್ಧಿವಾದಿಯ ಬಾಯಿ ಮುಚ್ಚಿಸಬೇಕು. ಆ ಪ್ರಾಂತದ ಅಡುಗೆಯ ಗುರುತು ನಾಲಿಗೆಯನ್ನು ಜುಮ್ಮೆನ್ನಿಸುವ ಒಂದು ಕಾಳು. ಬೆಂಗಳೂರಿನ ಶೆಜ್ವಾನ್ ದೋಸೆಯಲ್ಲಿ ಅದರ ಸುಳಿವಿಲ್ಲ. ಇರುವುದು ಒಣಮೆಣಸು ಮತ್ತು ಬೆಳ್ಳುಳ್ಳಿ, ಅಂದರೆ ಮಸಾಲೆದೋಸೆಯ ಕೆಂಪು ಚಟ್ನಿ ಕೂತಿದ್ದ ಪೀಠದಲ್ಲೇ ಅದರ ದಾಯಾದಿ. ಅತ್ತ ಆ ಜುಮ್ಮೆನ್ನಿಸುವ ಕಾಳಿನ ಸಾಕ್ಷಾತ್ ಕುಲಬಾಂಧವ ಪಶ್ಚಿಮಘಟ್ಟದಲ್ಲಿ ಬೆಳೆದು, ತೆಪ್ಪಲ್ ಎಂಬ ಹೆಸರಿನಲ್ಲಿ ಕರಾವಳಿಯ ಕೊಂಕಣಿ ಮನೆಗಳ ಬಂಗುಡೆ ಸಾರಿನಲ್ಲಿ ಯಾರಿಗೂ ಹೇಳದೆ ಕೂತಿದೆ. ಅಸಲಿ ಸಿಚುವಾನಿಗೆ ಹತ್ತಿರವಾಗಬೇಕೆನ್ನುವವರು ಚರ್ಚ್ ಸ್ಟ್ರೀಟ್ ಬಿಟ್ಟು ಕುಮಟೆಯ ಬಸ್ಸು ಹಿಡಿಯುವುದು ಶಾಸ್ತ್ರಸಮ್ಮತ.

ಕಂದಾಯ ವಸೂಲಿ ಮಾಡಲಾಗದ್ದು ರಾಷ್ಟ್ರವೇ ಅಲ್ಲ ಎನ್ನುವವರಿಗೆ ಉತ್ತರ ಬಿಲ್ಲಿನ ತಳಭಾಗದಲ್ಲಿದೆ. ಅಲ್ಲಿ ಭಾರತ ಸರ್ಕಾರದ ಜಿಎಸ್‌ಟಿಯ ಮೇಲಿನ ಸಾಲಿನಲ್ಲಿ ಸರ್ವಿಸ್ ಚಾರ್ಜ್ ಎಂಬ ಕಪ್ಪಕಾಣಿಕೆ ಇರುತ್ತಿತ್ತು. 2022ರ ಜುಲೈನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದನ್ನು ತಾನಾಗಿ ಸೇರಿಸಬಾರದೆಂದಿತು, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ತೆಗೆಸಬಹುದೆಂದು ಗೊತ್ತಿದ್ದೂ, ಜೊತೆಗಿರುವವರೆದುರು ಕೇಳಲು ಸಂಕೋಚಪಟ್ಟು ಕೊಡುವವರು ಈಗಲೂ ಇದ್ದಾರೆ. ರಾಜನಿಷ್ಠೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಕಡೆಯ ಪೂರ್ವಪಕ್ಷಿ ಸೂಶಿಯನ್ನು ಮುಂದೆ ಮಾಡುತ್ತಾನೆ: ಅದರಲ್ಲಿ ಗೊಜ್ಜೆಲ್ಲಿದೆ? ತಟ್ಟೆಯ ಪಕ್ಕದಲ್ಲಿದೆ. ಸೋಯಾ ಸಾಸಿನ ಪುಟ್ಟ ಬಟ್ಟಲು, ಹಸಿರು ವಸಾಬಿಯ ಉಂಡೆ. ಜಪಾನಿನ ಹೊರಗೆ ಸಿಗುವ ವಸಾಬಿ ಬಹುಮಟ್ಟಿಗೆ ಹಾರ್ಸ್‌ರ‍್ಯಾಡಿಶ್ ಎಂಬ ಗೆಡ್ಡೆಗೆ ಹಸಿರು ಬಣ್ಣ ಹಾಕಿದ್ದು. ನಮ್ಮ ಗಿರಾಕಿ ತುದಿಯನ್ನಷ್ಟೇ ಅದ್ದುವುದಿಲ್ಲ, ಸಾಂಬಾರಿನಲ್ಲಿ ಇಡ್ಲಿ ಮುಳುಗಿಸುವ ಅಭ್ಯಾಸಬಲದಿಂದ ಪೂರ್ತಿ ಮುಳುಗಿಸುತ್ತಾನೆ. ಅನ್ನ ಬಿಚ್ಚಿಕೊಂಡು ತೇಲುತ್ತದೆ, ಆಗ ಚಮಚ ಕೇಳುತ್ತಾನೆ, ಸಿದ್ಧಾಂತ ಪೂರ್ಣವಾಗುತ್ತದೆ. ಈ ಪ್ರಬಂಧದ ವ್ಯಾಪ್ತಿಗೆ ಒಳಪಡದೆ ಉಳಿದ ದ್ರವ ಒಂದೇ. ಎಲ್ಲ ದೇಶಗಳಲ್ಲೂ ಊಟದ ಕೊನೆಗೆ ಸೋಂಪು ಕಲ್ಲುಸಕ್ಕರೆಗೆ ಮೊದಲೇ ಬರುವ, ನಿಂಬೆಹೋಳು ತೇಲುವ ಬಿಸಿನೀರಿನ ಫಿಂಗರ್ ಬೌಲ್. ಅದಕ್ಕೆ ಹುಳಿಯಿದೆ, ಬಟ್ಟಲಿದೆ, ರಾಷ್ಟ್ರೀಯತೆಯಿಲ್ಲ. ಅದು ಗೊಜ್ಜೋ ತಿಳಿಸಾರೋ ಎಂಬುದನ್ನು ಅನ್ನ ಕಲಸಿ ನೋಡದೆ ನಿರ್ಣಯಿಸುವಂತಿಲ್ಲ; ಮುಂದಿನ ಸಂಶೋಧಕರು ಬಿಲ್ ಬರುವುದರೊಳಗೆ ಪ್ರಯತ್ನಿಸಬಹುದು.