ಆರು ಕೈ ಕಮ್ಮಿ

ಇಸ್ಪೀಟಾಡುವವರ ಬಾಯಲ್ಲಿ ಅತಿ ಹೆಚ್ಚು ಸಲ ಬರುವ ಮಾತು ತುರುಪೂ ಅಲ್ಲ, ಗುಲಾಮನೂ ಅಲ್ಲ; ‘ಒಂದು ಕೈ ಕಮ್ಮಿ’. ಇಪ್ಪತ್ತೆಂಟಕ್ಕೆ ನಾಲ್ಕು ಜನ ಬೇಕು, ಐವತ್ತಾರಕ್ಕೆ ಆರು. ಮದುವೆ ಮನೆಯಲ್ಲಿ ರಾತ್ರಿ ಊಟ ಮುಗಿದು, ಜಮಖಾನ ಹಾಸಿ, ಎರಡರಿಂದ ಆರರವರೆಗಿನ ಎಲೆಗಳನ್ನು ಬೇರೆ ತೆಗೆದಿಟ್ಟು ಕೂತ ಮೂವರು ನಾಲ್ಕನೆಯವನನ್ನು ಹುಡುಕುವ ಪರಿಯನ್ನು ನೋಡಿಯೇ ನಂಬಬೇಕು. ಮಲಗಿದವರ ಹೊದಿಕೆ ಎತ್ತಿ ಎತ್ತಿ ಮುಖ ನೋಡುತ್ತಾರೆ. ನಮ್ಮ ಸೋದರತ್ತೆಯ ಮದುವೆಯಲ್ಲಿ ಮದುಮಗನನ್ನೇ ಎಬ್ಬಿಸಿಕೊಂಡು ಹೋಗಿದ್ದರಂತೆ. ಅತ್ತೆ ಇವತ್ತಿಗೂ ಹಾಗೆ ಹೇಳುತ್ತಾರೆ, ಮಾವ ಇವತ್ತಿಗೂ ಅಲ್ಲಗಳೆದಿಲ್ಲ.

ನಾಲ್ಕು ಜನಕ್ಕೇ ಇಷ್ಟು ಪಾಡಾದರೆ ಎಂಟು ಜನ ಬೇಕಾಗುವ ಆಟದ ಗತಿ ಏನು? ಅಂಥದ್ದೊಂದನ್ನು ನನ್ನ ಮಗಳು ಮನೆಗೆ ತಂದಿದ್ದಾಳೆ. ಮ್ಯಾಜಿಕ್: ದ ಗ್ಯಾದರಿಂಗ್ ಎಂದು ಅದರ ಹೆಸರು. ಗ್ಯಾದರಿಂಗ್ ಏನೋ ಸರಿ, ಗ್ಯಾದರ್ ಆಗುವವರು ಎಲ್ಲಿ?

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ, 1993ರಲ್ಲಿ. ಹುಟ್ಟಿಸಿದವನು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಡಾಕ್ಟರೇಟಿನವನು. ರೋಬೊರ್‍ಯಾಲಿ ಎಂಬ ಬೇರೊಂದು ಆಟವನ್ನು ಹಿಡಿದುಕೊಂಡು ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಪೀಟರ್ ಆಡ್ಕಿಸನ್ ಬಳಿ ಹೋದ. ಅದನ್ನು ಅಚ್ಚು ಮಾಡಿಸಲು ಆಗಿನ್ನೂ ಆ ಕಂಪನಿಯ ಕೈಯಲ್ಲಿ ಕಾಸಿರಲಿಲ್ಲ. ಆಡ್ಕಿಸನ್ ಕೇಳಿದ್ದೇ ಬೇರೆ: ಆಟದ ಸಮ್ಮೇಳನಗಳಲ್ಲಿ ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ತನಕ ಜನ ಸುಮ್ಮನೆ ಕಾಯುತ್ತಾರಲ್ಲ, ಆಗ ಜೇಬಿನಿಂದ ತೆಗೆದು ಚಕಚಕ ಆಡಿ ಮುಗಿಸುವಂಥದ್ದು ಏನಾದರೂ ಮಾಡಿಕೊಡಿ. ಹೀಗೆ, ಕಾಯುವ ಬೇಸರ ಕಳೆಯಲೆಂದು ಹುಟ್ಟಿದ ಆಟವನ್ನು ಆಡಲು ನಾವು ಬೆಂಗಳೂರಿನಲ್ಲಿ ವಾರಗಟ್ಟಲೆ ಕಾಯುತ್ತೇವೆ. ಒಬ್ಬ ವೈಟ್‌ಫೀಲ್ಡಿನಿಂದ ಹೊರಟಿರುತ್ತಾನೆ, ಇನ್ನೊಬ್ಬ ಸಿಲ್ಕ್ ಬೋರ್ಡಿನಲ್ಲಿರುತ್ತಾನೆ, ಮೂರನೆಯವನು ‘ಐದೇ ನಿಮಿಷ’ ಎಂದಿರುತ್ತಾನೆ.

ಆಡುವುದು ಇಬ್ಬರೇ, ಎದುರುಬದುರು ಕೂತು, ತಲಾ ಇಪ್ಪತ್ತು ಪ್ರಾಣವಿಟ್ಟುಕೊಂಡು ಕಾದಾಡಬೇಕು. ಹಾಗಾದರೆ ಎಂಟು ಜನ ಯಾಕೆ? ಎಲೆ ಹಂಚಿಕೊಳ್ಳುವುದಕ್ಕೆ. ಇದರಲ್ಲಿ ಐವತ್ತೆರಡು ಎಲೆಯ ಕಟ್ಟು ಎಂಬುದಿಲ್ಲ. ಸಾವಿರಾರು ಬಗೆಯ ಎಲೆಗಳಿದ್ದು, ಒಳಗೇನಿದೆ ಎಂದು ಕಾಣದ ಪ್ಯಾಕೆಟ್ಟಿನಲ್ಲಿ ಅವು ಬರುತ್ತವೆ. ಹಳೆಯ ಲೆಕ್ಕದಲ್ಲಿ ಪ್ಯಾಕೆಟ್ಟಿಗೆ 15. ಡ್ರಾಫ್ಟ್ ಎಂದರೆ, ಎಂಟು ಜನ ದುಂಡಗೆ ಕೂತು ತಲಾ ಒಂದು ಪ್ಯಾಕೆಟ್ ಒಡೆದು, ಬೇಕಾದ ಒಂದು ಎಲೆ ಇಟ್ಟುಕೊಂಡು ಉಳಿದದ್ದನ್ನು ಎಡಗಡೆಯವರಿಗೆ ದಾಟಿಸುವುದು. ಬಲಗಡೆಯಿಂದ ಬಂದದ್ದರಲ್ಲಿ ಮತ್ತೊಂದು. ಎರಡನೆಯ ಪ್ಯಾಕೆಟ್ ಬಲಕ್ಕೆ, ಮೂರನೆಯದು ಪುನಃ ಎಡಕ್ಕೆ. ಕೊನೆಗೆ ಕೈಯಲ್ಲಿ ಉಳಿದ 45ರಲ್ಲಿ ಇಪ್ಪತ್ಮೂರನ್ನೋ ಇಪ್ಪತ್ನಾಲ್ಕನ್ನೋ ಆರಿಸಿ, ಹದಿನಾರೋ ಹದಿನೇಳೋ ಭೂಮಿಯ ಎಲೆ ಸೇರಿಸಿದರೆ ನಲವತ್ತರ ಕಟ್ಟು ಸಿದ್ಧ. ಇಲ್ಲೂ ಭೂಮಿಯಿಲ್ಲದವನು ಏನೂ ಮಾಡಲಾರ. ಕೈತುಂಬ ರಾಕ್ಷಸರಿದ್ದರೂ ಸುಮ್ಮನೆ ಕೂತಿರಬೇಕು.

ನಮ್ಮ ಮನೆಯಲ್ಲಿ ನಿತ್ಯ ಸಿಗುವುದು ಎರಡು ಕೈ. ಮಗಳ ಜೊತೆ ನಾನು, ನನಗೆ ಆಫೀಸಿದ್ದರೆ ನನ್ನ ಹೆಂಡತಿ. ಭಾನುವಾರ ಬಾಮೈದ ಬಂದರೆ ಜಾತ್ರೆ. ಇಬ್ಬರೇ ಕೂತು ಪ್ಯಾಕೆಟ್ ದಾಟಿಸಿ ನೋಡಿ: ನಾನು ಒಂದು ತೆಗೆದು ಅವಳಿಗೆ ಕೊಟ್ಟೆ, ಅವಳು ಒಂದು ತೆಗೆದು ನನಗೇ ಕೊಟ್ಟಳು. ಎರಡು ಸುತ್ತಿಗೆ ಇಬ್ಬರ ಗುಟ್ಟೂ ಬಯಲು. ಇದು ಆಟವಲ್ಲ, ಆಡಿಟ್ಟು.

ಆದರೆ ಎರಡೇ ಕೈಯ ಕಷ್ಟ ನಮ್ಮೊಬ್ಬರದೇ ಅಲ್ಲ, ಎಲ್ಲ ಊರಿನದೂ ಇರಬೇಕು. ಅದಕ್ಕೇ ಈ ಆಟದ ಜನ ಕಮ್ಮಿ ಕೈಗಳಿಗೆಂದೇ ಬಗೆಬಗೆಯ ಪದ್ಧತಿ ಕಟ್ಟಿಕೊಂಡಿದ್ದಾರೆ. ವಿನ್‌ಸ್ಟನ್, ವಿಂಚೆಸ್ಟರ್, ಸಾಲೊಮನ್. ಮೊದಲ ಸಲ ಮಗಳು ಹೇಳಿದಾಗ ಕಂಟೋನ್‌ಮೆಂಟಿನ ರಸ್ತೆಗಳಿರಬೇಕು ಅಂದುಕೊಂಡೆ.

ಇವುಗಳಲ್ಲಿ ನನಗೆ ಹಿಡಿಸಿದ್ದು ವಿನ್‌ಸ್ಟನ್. ಇದನ್ನು ಮಾಡಿದವನೂ ಗಾರ್ಫೀಲ್ಡನೇ; ಅವನಿಗೂ ಮನೆಯಲ್ಲಿ ಜನ ಸಿಗುತ್ತಿರಲಿಲ್ಲವೋ ಏನೋ. ಆರು ಪ್ಯಾಕೆಟ್ ಒಡೆದು, ತೊಂಬತ್ತು ಎಲೆ ಕಲೆಸಿ, ಕವುಚಿ ಇಡುವುದು. ಮೇಲಿನ ಮೂರನ್ನು ತೆಗೆದು, ಕವುಚಿಯೇ, ಒಂದೊಂದು ಎಲೆಯ ಮೂರು ಗುಡ್ಡೆ ಮಾಡುವುದು. ನನ್ನ ಸರದಿ ಬಂದಾಗ ಮೊದಲ ಗುಡ್ಡೆಯನ್ನು ಕದ್ದು ನೋಡುತ್ತೇನೆ. ಬೇಕೆಂದರೆ ಗುಡ್ಡೆ ಪೂರ್ತಿ ನನ್ನದು, ಆ ಜಾಗಕ್ಕೆ ಹೊಸದೊಂದು ಎಲೆ. ಬೇಡವೆಂದರೆ ಅದರ ಮೇಲೆ ಇನ್ನೊಂದು ಎಲೆ ಹೇರಿ ಎರಡನೆಯ ಗುಡ್ಡೆಗೆ ಹೋಗಬೇಕು. ಅದೂ ಬೇಡವೇ? ಅದಕ್ಕೂ ಒಂದು ಹೇರಿ ಮೂರನೆಯದು. ಮೂರೂ ಬೇಡವಾದರೆ ಕಟ್ಟಿನ ಮೇಲಿನ ಎಲೆಯನ್ನು ಕಣ್ಣುಮುಚ್ಚಿ ತೆಗೆದುಕೊಂಡು ತೆಪ್ಪಗಿರಬೇಕು. ಅಷ್ಟರಲ್ಲಿ ಮೂರು ಗುಡ್ಡೆಯನ್ನೂ ಕೊಬ್ಬಿಸಿ ಎದುರಾಳಿಯ ಮುಂದಿಟ್ಟಾಗಿರುತ್ತದೆ.

ಕೇಳಲು ಸರಳ, ಕೂತರೆ ಬೆವರು. ಎದುರಿನವಳು ಎರಡು ಸಲ ನೋಡಿ ಬಿಟ್ಟ ಗುಡ್ಡೆಯಲ್ಲಿ ಅವಳಿಗೆ ಬೇಡದ್ದು ಇದೆ ಎಂದಾಯಿತು. ಅವಳಿಗೆ ಬೇಡವಾದದ್ದು ನನಗೂ ಬೇಡವಾಗಬೇಕೆಂದಿಲ್ಲ. ಅಥವಾ, ಒಳ್ಳೆಯದೇ ಇದ್ದು, ಇನ್ನೊಂದೆರಡು ಸೇರಲಿ ಎಂದು ಬೆಳೆಯಲು ಬಿಟ್ಟಿದ್ದಾಳೋ? ಮಗಳಾದರೆ ಪರವಾಗಿಲ್ಲ, ಒಳ್ಳೆಯ ಎಲೆ ಕಂಡರೆ ಅವಳ ಎಡಹುಬ್ಬು ತಾನಾಗಿ ಮೇಲೇರುತ್ತದೆ. ಹೆಂಡತಿಯದು ಹಾಗಲ್ಲ. ಗುಡ್ಡೆಯ ತುದಿಯನ್ನು ಹೆಬ್ಬೆರಳಲ್ಲಿ ಒಂದಿಷ್ಟೇ ಎತ್ತಿ, ಸೀರೆ ಅಂಗಡಿಯವನು ಹೇಳಿದ ಬೆಲೆಯನ್ನು ಕೇಳಿಸಿಕೊಳ್ಳದ ಮುಖದಲ್ಲೇ ನೋಡಿ, ಮೇಲೊಂದು ಎಲೆ ಹಾಕಿ, ಪಕ್ಕಕ್ಕೆ ತಳ್ಳುತ್ತಾಳೆ. ಇಪ್ಪತ್ತೈದು ವರ್ಷ ದಾಟಿದ ದಾಂಪತ್ಯ ಆ ಮುಖ ಓದಲು ಸಾಲುತ್ತಿಲ್ಲ. ಅವಳು ಒಂದೇ ಎಲೆಯ ಗುಡ್ಡೆಯನ್ನು ತಟಕ್ಕನೆ ಎತ್ತಿಕೊಂಡ ದಿನ ನನಗೆ ರಾತ್ರಿಯೆಲ್ಲ ಅದೇ ಚಿಂತೆ.

ಎಂಟು ಜನರಿದ್ದಾಗ ಈ ಚಿಂತೆ ಇರುವುದಿಲ್ಲ, ಯಾಕೆಂದು ಹೇಳುತ್ತೇನೆ. ಡ್ರಾಫ್ಟ್ ಮುಗಿಸಿ ಮೂರು ಸುತ್ತು ಆಡುತ್ತಾರೆ. ಅಂದರೆ ಏಳು ಜನರಲ್ಲಿ ಹೆಚ್ಚೆಂದರೆ ಮೂವರನ್ನು ನಾನು ಎದುರಿಸುತ್ತೇನೆ. ನಾನು ಬಿಟ್ಟುಕೊಟ್ಟ ಎಲೆ ಯಾರದೋ ಪಾಲಾಗಿ, ಯಾರದೋ ತಲೆ ಮೇಲೆ ಬೀಳುತ್ತದೆ. ಹಾಗಾಗಿ ಎಲ್ಲರೂ ಉದಾರಿಗಳು. ಇಬ್ಬರೇ ಇದ್ದರೆ ಬಿಟ್ಟದ್ದೆಲ್ಲ ಶತ್ರುವಿಗೆ. ತನಗೆ ಬೇಡದ ಎಲೆಯನ್ನು ಇನ್ನೊಬ್ಬರಿಗೆ ಸಿಗಬಾರದೆಂದೇ ಎತ್ತಿಕೊಳ್ಳುವುದಕ್ಕೆ ಇವರು ಹೇಟ್ ಡ್ರಾಫ್ಟ್ ಎನ್ನುತ್ತಾರೆ. ಎಂಟು ಜನರಲ್ಲಿ ಅದು ಅಪರೂಪದ ಚಪಲ. ಇಬ್ಬರಲ್ಲಿ ಅದೇ ನಿತ್ಯಕರ್ಮ. ಮನುಷ್ಯನ ಹೊಟ್ಟೆಕಿಚ್ಚನ್ನು ಅಳೆಯಬೇಕಾದರೆ ಜನ ಕಮ್ಮಿ ಇರಬೇಕು, ಅದೂ ಒಂದೇ ಮನೆಯವರಾಗಿರಬೇಕು.

ಸಾಲೊಮನ್ ಪದ್ಧತಿ ಇದನ್ನೇ ಶಾಸ್ತ್ರೋಕ್ತವಾಗಿ ಮಾಡುತ್ತದೆ. ಎಂಟು ಎಲೆಗಳನ್ನು ತೆರೆದಿಡುವುದು, ಒಬ್ಬರು ಎರಡು ಪಾಲು ಮಾಡುವುದು, ಇನ್ನೊಬ್ಬರು ತಮಗೆ ಬೇಕಾದ ಪಾಲು ಎತ್ತಿಕೊಳ್ಳುವುದು. ಮುಂದಿನ ಎಂಟಕ್ಕೆ ಪಾಲು ಮಾಡುವವರು ಬದಲು. ಪಾಲು ಸಮನಾಗಿರಬೇಕೆಂದಿಲ್ಲ, ಒಂದಕ್ಕೆ ಏಳಾದರೂ ಇಡಬಹುದು. ಈ ಜಗಳವನ್ನೇ ಒಂದು ಎಲೆಯೊಳಗೆ ತುರುಕಿ 2000ದಲ್ಲಿ ಅಚ್ಚು ಹಾಕಿದ್ದಾರೆ. ಫ್ಯಾಕ್ಟ್ ಆರ್ ಫಿಕ್ಷನ್ ಅಂತ. ಅದನ್ನು ಆಡಿದವರು ಮೇಲಿನ ಐದು ಎಲೆ ತೋರಿಸುತ್ತಾರೆ, ಎದುರಾಳಿ ಎರಡು ಪಾಲು ಹಾಕಬೇಕು.

ಇದೇನು ನಮಗೆ ಹೊಸದೇ? ಹಳ್ಳಿಯಲ್ಲಿ ಹಿಸ್ಸೆಯಾಗುವಾಗ ದೊಡ್ಡವನು ಪಾಲು ಹಾಕಬೇಕು, ಚಿಕ್ಕವನು ಮೊದಲು ಎತ್ತಬೇಕು ಎನ್ನುವುದು ಇದೇ ತಾನೆ. ನಮ್ಮ ತಾತನ ಕಾಲದಲ್ಲಿ ದೊಡ್ಡ ತಾತ ಒಂದು ಕಡೆ ಬಾವಿ, ಇನ್ನೊಂದು ಕಡೆ ಬಾವಿಗೆ ಹೋಗುವ ದಾರಿ ಇಟ್ಟಿದ್ದರಂತೆ. ಚಿಕ್ಕವರು ಯಾವುದನ್ನು ಎತ್ತಿದರೂ ಅಣ್ಣನ ಮುಖ ದಿನಾ ನೋಡಲೇಬೇಕು.

ಆ ಸಂಪ್ರದಾಯಕ್ಕೆ ತಕ್ಕಂತೆ ಒಂದು ಭಾನುವಾರ ನನ್ನ ಹೆಂಡತಿ ಪಾಲು ಹಾಕಿದಳು, ಅವಳ ತಮ್ಮ ಎತ್ತಬೇಕಿತ್ತು. ಬಾಮೈದ ವೃತ್ತಿಯಿಂದ ಲೆಕ್ಕಪರಿಶೋಧಕ. ಬಿದ್ದ ಎಂಟರಲ್ಲಿ ಸೆರಾ ಏಂಜೆಲ್ ಇತ್ತು. 1993ರ ಮೊದಲ ಕಂತಿನಿಂದಲೂ ಇರುವ ಬಿಳಿ ಬಣ್ಣದ ದೇವತೆ. ಹಾರುತ್ತಾಳೆ, ದಾಳಿಗೆ ಹೋದ ಮೇಲೂ ಕಾವಲಿಗೆ ಸಿಗುತ್ತಾಳೆ. ಅವಳೊಬ್ಬಳನ್ನು ಒಂದು ಕಡೆ ಇಟ್ಟು, ಉಳಿದ ಏಳನ್ನೂ ಹೆಂಡತಿ ಇನ್ನೊಂದು ಕಡೆಗೆ ಸರಿಸಿದಳು. ಆ ಏಳರಲ್ಲಿ ಲೈಟ್ನಿಂಗ್ ಬೋಲ್ಟ್ ಕೂಡ ಇತ್ತು. ಅದಕ್ಕೆ ಒಂದೇ ಒಂದು ಕೆಂಪು ಖರ್ಚು, ಮೂರು ಪ್ರಾಣ ಹೋಗುತ್ತದೆ. ಬಾಮೈದ ಕನ್ನಡಕ ತೆಗೆದು ಒರೆಸಿಕೊಂಡ. ಏಳು ಎಲೆಗೆ ಮನಸ್ಸಿನಲ್ಲೇ ಬೆಲೆ ಕಟ್ಟಿ ಕೂಡಿದ. ‘ಅಕ್ಕಾ, ನೀನು ಬಿಳಿ ಆಡ್ತಿದೀಯಾ?’ ಎಂದ.

‘ನೀನೇ ನೋಡ್ಕೋ’ ಎಂದು ಅವಳು ಒಲೆಯ ಮೇಲಿನ ಹಾಲು ನೋಡಲು ಎದ್ದಳು. ಅದೂ ಆಟದ ಭಾಗವೇ ಎಂದು ನನಗೆ ಅನುಮಾನ.

ಅವನು ದೇವತೆಯನ್ನು ಎತ್ತಿಕೊಂಡ. ಅವಳು ಬಂದು ಏಳನ್ನೂ ಗುಡಿಸಿಕೊಂಡು, ‘ಅಯ್ಯೋ, ಬಿಳಿ ನಾನು ಆಗಲೇ ಬಿಟ್ಟೆ ಕಣೋ’ ಎಂದಳು. ಮಗಳು ನಕ್ಕ ನಗೆಗೆ ಕೆಳಮನೆಯವರು ಮೇಲೆ ಬಂದು ಕೇಳಿ ಹೋದರು.

ಅಂದಿನಿಂದ ಬಾಮೈದ ಗ್ರಿಡ್ ಪಕ್ಷ. ಒಂಬತ್ತು ಎಲೆಯನ್ನು ಮೂರು ಸಾಲಾಗಿ ತೆರೆದಿಟ್ಟರೆ, ಮೊದಲನೆಯವರು ಅಡ್ಡಸಾಲನ್ನೋ ಉದ್ದಸಾಲನ್ನೋ ಎತ್ತುತ್ತಾರೆ, ಎರಡನೆಯವರು ಉಳಿದದ್ದರಲ್ಲಿ ಇನ್ನೊಂದು ಸಾಲು, ಮಿಕ್ಕದ್ದು ಬುಟ್ಟಿಗೆ. ಗುಟ್ಟಿಲ್ಲ, ಮುಖ ಓದುವುದಿಲ್ಲ, ಅಕ್ಕನ ಹಾಲು ಉಕ್ಕುವುದಿಲ್ಲ. ಬ್ಯಾಲೆನ್ಸ್ ಶೀಟ್ ಥರ ಸ್ವಚ್ಛ, ಅಷ್ಟೇ ರಸಹೀನ. ಇನ್ನೊಂದಿದೆ, ಕೈಗೆ ಬಂದ ಎಲೆಗಳಲ್ಲಿ ಒಂದನ್ನು ಇಟ್ಟುಕೊಂಡು ಕೆಲವನ್ನು ಯಾರಿಗೂ ದಕ್ಕದಂತೆ ಸುಡುವುದು. ಸುಡುವುದೆಂದರೆ ಕವುಚಿ ಪಕ್ಕಕ್ಕೆ ಹಾಕುವುದು, ಅಷ್ಟೇ. ಖರ್ಚುಗಳನ್ನು ‘ಒಪ್ಪಲಾಗುವುದಿಲ್ಲ’ ಎಂದು ಹೊಡೆದುಹಾಕುವ ಕಸುಬಿನವನಿಗೆ ಇದೂ ಪ್ರಾಣ.

ರೊಟಿಸ್ಸರಿ ಎಂಬುದನ್ನು ಒಮ್ಮೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹೂಡಿದೆವು. 1980ರಲ್ಲಿ ನ್ಯೂಯಾರ್ಕಿನ ಲಾ ರೊಟಿಸ್ಸರಿ ಫ್ರಾನ್ಸೇಜ಼್ ಎಂಬ ಹೋಟೆಲಿನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಬೇಸ್‌ಬಾಲ್ ಆಟಗಾರರನ್ನು ಕಾಗದದ ಮೇಲೆ ಹಂಚಿಕೊಂಡು ಆಡಿದ್ದರಿಂದ ಬಂದ ಹೆಸರದು. ನಮ್ಮ ಹುಡುಗರು ಐಪಿಎಲ್ ಸಮಯದಲ್ಲಿ ಮೊಬೈಲಿನಲ್ಲಿ ಕಟ್ಟುವ ತಂಡಗಳ ಪೂರ್ವಜ. ಎಲ್ಲ ಎಲೆಯೂ ತೆರೆದಿರುತ್ತದೆ, ಸರದಿಯಂತೆ ಒಂದೊಂದು ಹೆಸರು ಹೇಳಬೇಕು, ಕೊನೆಯವರಿಗೆ ಬಂದ ಮೇಲೆ ಸರದಿ ಹಾವಿನಂತೆ ಹಿಂದಕ್ಕೆ ತಿರುಗುತ್ತದೆ. ನ್ಯೂಜೆರ್ಸಿಯ ಷಡ್ಡಕನ ಸರದಿ ಬಂದಾಗ ಅವನು ಮಲಗಿರುತ್ತಿದ್ದ. ನಡುವೆ ಯಾರೋ ‘ಶುಭ ಮುಂಜಾನೆ’ ಎಂದು ಗುಲಾಬಿ ಹೂ ಕಳಿಸಿ, ಅದೂ ಒಂದು ಎಲೆಯಿರಬೇಕೆಂದು ಅರ್ಧ ದಿನ ಚರ್ಚೆಯಾಯಿತು.

ಪ್ಯಾಕೆಟ್ಟುಗಳ ಖರ್ಚು ಕೇಳಬೇಡಿ. ಒಂದರ ಬೆಲೆಯಲ್ಲಿ ಮನೆಮಂದಿಯೆಲ್ಲ ಮಸಾಲೆ ದೋಸೆ ತಿಂದು ಬರಬಹುದು. ಅದಕ್ಕೇ ಮಗಳು ಕ್ಯೂಬ್ ಮಾಡಿಟ್ಟುಕೊಂಡಿದ್ದಾಳೆ: ಒಂದೊಂದೇ ಪ್ರತಿಯಂತೆ ಆರಿಸಿದ 360 ಎಲೆಗಳ ಪೆಟ್ಟಿಗೆ. ಎಂಟು ಜನಕ್ಕೆ ತಲಾ 45 ಎಂದು ಈ ಲೆಕ್ಕ. ಆಡಿ, ಕಲೆಸಿ, ಪುನಃ ಆಡುವುದು. 360 ಎಂದಾಗ ನನಗೆ ಮುಮ್ಮಡಿ ಕೃಷ್ಣರಾಜ ಒಡೆಯರ ನೆನಪಾಯಿತು. ಗಂಜೀಫಾದ ಹುಚ್ಚು ಹತ್ತಿದ ಆ ದೊರೆ ತಾವೇ ‘ಚದ್’ ಎಂಬ ಆಟಗಳನ್ನು ಕಟ್ಟಿದರು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಕೆಲವಕ್ಕೆ 360 ಎಲೆಗಳವರೆಗೆ ಬೇಕಿತ್ತು. ಅರಮನೆಯಾಚೆ ಅವು ಹೆಚ್ಚು ಹಬ್ಬಿದಂತೆ ಕಾಣುವುದಿಲ್ಲ. ಹಬ್ಬದಿದ್ದರೇನು, ದೊರೆ ಕರೆದರೆ ಕೈ ಕಮ್ಮಿಯಾಗುವುದುಂಟೇ? ಆಟ ಗೊತ್ತಿಲ್ಲದವನೂ ಪೇಟ ಸರಿಮಾಡಿಕೊಂಡು ಬಂದು, ಸೋಲಲು ಸಿದ್ಧನಾಗಿ ಕೂತಿರುತ್ತಾನೆ. ನಾನು ಕರೆದರೆ ‘ಟ್ರಾಫಿಕ್ ಇದೆ ಸಾರ್’ ಎನ್ನುತ್ತಾರೆ.

ಹಾಗಿರುವಾಗ, ಗಣೇಶನ ಹಬ್ಬದ ಮಾರನೆಯ ದಿನ ಎಂಟು ಜನ ಸೇರಿಯೇಬಿಟ್ಟರು. ಮಗಳ ಸ್ನೇಹಿತರು, ಬಾಮೈದ, ನಾವು. ಪೆಟ್ಟಿಗೆ ಪೂರ್ತಿ ಬರಿದಾಗಿ ಮೇಜಿನ ಮೇಲೆ ಬಂತು. ಎಡಕ್ಕೆ, ಬಲಕ್ಕೆ, ಎಡಕ್ಕೆ. ಬ್ಯಾಂಕಿನ ಕೌಂಟರಿನಷ್ಟು ಶಿಸ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಹೆಬ್ಬಾಳದಿಂದ ಬಂದಿದ್ದ, ಹೆಸರನ್ನೂ ಸರಿಯಾಗಿ ಕೇಳಿರದ ಒಬ್ಬ ಹುಡುಗ ನನ್ನನ್ನು ಸೋಲಿಸಿ, ‘ಗುಡ್ ಗೇಮ್ ಅಂಕಲ್’ ಎಂದು ಕೈಕುಲುಕಿದ. ನನಗೆ ಸಿಟ್ಟೂ ಬರಲಿಲ್ಲ.

ಅವರೆಲ್ಲ ಹೋದ ಮೇಲೆ ಹೆಂಡತಿ ಉಳಿದ ಕರ್ಜಿಕಾಯಿಯನ್ನು ಡಬ್ಬಿಗೆ ತುಂಬುತ್ತ ಕೇಳಿದಳು:

‘ರೀ, ಎಡಗಡೆ ಕೂತಿದ್ದ ಆ ಹುಡುಗನಿಗೆ ಸೆರಾ ಏಂಜೆಲನ್ನ ನೀವೇ ದಾಟಿಸಿದ್ರಂತೆ?’

‘ಹೂಂ. ನಾನು ಕಪ್ಪು, ಹಸಿರು ಆಡ್ತಿದ್ದೆ. ನನಗೇನು ಉಪಯೋಗ?’

‘ಎಡಗಡೆ ನಾನು ಕೂತಿದ್ರೆ ಕೊಡ್ತಿದ್ರಾ?’

ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.