ನಿಂದೆಷ್ಟ್ ಬಂತಲೇ?

ಬಿ.ಎಸ್ಸಿ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿದವರಿಗೆಲ್ಲ ಇವನು ಗೊತ್ತು. ಲ್ಯಾಬಿಗೆ ಎಲ್ಲರಿಗಿಂತ ತಡವಾಗಿ ಬರುತ್ತಾನೆ, ಎಲ್ಲರಿಗಿಂತ ಮೊದಲು ಹೊರಡುತ್ತಾನೆ. ಮೈಮೇಲೆ ಬಿಳಿ ಕೋಟು ಇರುತ್ತದೆ, ಆದರೆ ಅವನದಲ್ಲ. ಕಂಕುಳಲ್ಲಿ ಜರ್ನಲ್, ಕಿವಿ ಮೇಲೆ ಪೆನ್ಸಿಲ್. ಬ್ಯುರೆಟ್ಟಿನ ಹತ್ತಿರ ಮಾತ್ರ ಸುಳಿಯುವುದಿಲ್ಲ. ನೀವು ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮೆನಿಸ್ಕಸ್ಸಿನ ಕೆಳಗಂಚು ಯಾವ ಗೆರೆಗೆ ಬಂತು ಎಂದು ನೋಡುತ್ತಿರುವಾಗ ನಿಮ್ಮ ಹೆಗಲ ಮೇಲೊಂದು ಗದ್ದ ಬಂದು ಕೂರುತ್ತದೆ. "ನಿಂದೆಷ್ಟ್ ಬಂತಲೇ?"

ನಮ್ಮ ಬ್ಯಾಚಿನವನಿಗೆ ನಾವಿಟ್ಟ ಹೆಸರು ನಿಂದೆಷ್ಟಪ್ಪ. ಇಂಡಿ ತಾಲ್ಲೂಕಿನ ಭೀಮಾತೀರದ ಹಳ್ಳಿಯವ. ಆಗ ನಮ್ಮ ಕಡೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿ ಇವೆಲ್ಲ ಅದರ ಮಡಿಲಿಗೆ ಹೋದವು. ವಿಶ್ವವಿದ್ಯಾಲಯ ಬದಲಾದರೂ ಈ ತಳಿಗೆ ಏನೂ ಆಗಲಿಲ್ಲ ಎಂದು ಈಗ ಪಾಠ ಹೇಳುವ ಗೆಳೆಯರು ಖಾತ್ರಿ ಕೊಡುತ್ತಾರೆ.

ಸಾಲ್ಟ್ ಅನಾಲಿಸಿಸ್‌ನಲ್ಲಿ ಅವನಿಗೆ ಕಷ್ಟವೇ ಇರಲಿಲ್ಲ. ಪುಡಿ ನೀಲಿ ಇದ್ದರೆ ತಾಮ್ರ, ಹಸಿರಿದ್ದರೆ ನಿಕ್ಕಲ್, ಬೆಳ್ಳಗಿದ್ದರೆ ಅಟೆಂಡರ್ ಕಾಕಾನಿಗೆ ಒಂದು ಚಾ. ತೊಂದರೆ ಬರುತ್ತಿದ್ದದ್ದು ಟೈಟ್ರೇಶನ್‌ನಲ್ಲಿ. ಅಲ್ಲಿ ಉತ್ತರ ಅಂಕಿಯಲ್ಲಿರುತ್ತದೆ, ಕಾಕಾನಿಗೂ ಗೊತ್ತಿರುವುದಿಲ್ಲ.

ನೀರಿನ ಗಡಸುತನ ಅಳೆಯುವ ದಿನ ನೆನಪಿದೆ. ಲ್ಯಾಬಿನ ನಲ್ಲಿಗೆ ಬರುತ್ತಿದ್ದದ್ದು ಬೋರಿನ ನೀರು. ಕುಡಿಯುವ ನೀರಿನಲ್ಲಿ ಗಡಸು ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಚಲೋ, ಬೇರೆ ನೀರೇ ಸಿಗದಿದ್ದರೆ 600ರ ತನಕ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ನಿಂದೆಷ್ಟಪ್ಪ ಎನ್ನುತ್ತಿದ್ದ: "ನಮ್ಮವ್ವ ಬ್ಯಾಳಿ ಒಲಿಮ್ಯಾಲ ಇಟ್ಟ ಹೇಳ್ತಾಳ, ಇದಕ್ಯಾಕ ಬೇಕಲೇ ಇಡಿಟಿಎ?" ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿ ಇಡಿಟಿಎ ಬಿಟ್ಟರೆ ಬಣ್ಣ ವೈನ್ ರೆಡ್‌ನಿಂದ ನೀಲಿಗೆ ತಿರುಗಬೇಕು ಎಂದು ಪುಸ್ತಕದಲ್ಲಿತ್ತು. ದ್ರಾಕ್ಷಿ ಬೆಳೆಯುವ ಜಿಲ್ಲೆಯವರಾದರೂ ನಾವು ಕಂಡದ್ದು ಒಣದ್ರಾಕ್ಷಿ ಮಾತ್ರ. ವೈನ್ ರೆಡ್ ಅಂದರೆ ಯಾವ ಕೆಂಪು ಎಂದು ಸರ್‌ಗೆ ಕೇಳುವ ಧೈರ್ಯ ಯಾರಿಗಿತ್ತು? ನೀಲಿಯೋ ನೇರಳೆಯೋ ಎಂದು ನಾವು ಫ್ಲಾಸ್ಕನ್ನು ಕಿಟಕಿಗೆ ಹಿಡಿದು ಒದ್ದಾಡುವಾಗ ಅವನು ಫ್ಲಾಸ್ಕು ಬಿಟ್ಟು ನಮ್ಮ ಮುಖ ನೋಡುತ್ತಿದ್ದ. ಯಾರ ಮುಖ ಬಾಡಿತೋ ಅವರ ರೀಡಿಂಗ್ ಬರೆದುಕೊಳ್ಳುತ್ತಿರಲಿಲ್ಲ.

ನನ್ನ ಹೊಟ್ಟೆಯುರಿ ಇಲ್ಲೇ ಇದೆ, ಮುಚ್ಚಿಟ್ಟು ಫಲವಿಲ್ಲ. ವೋಗೆಲ್‌ನ ದಪ್ಪ ಪುಸ್ತಕ ಓದಿದವನು ಇಡೀ ಬ್ಯಾಚಿನಲ್ಲಿ ನಾನೊಬ್ಬನೇ ಎಂಬ ಠೇಂಕಾರ ನನಗಿತ್ತು. ಅವನು ನನ್ನ ಟೇಬಲ್ಲಿಗೂ ಬರುತ್ತಿದ್ದ, ಕೇಳುತ್ತಿದ್ದ, "ಹೌದಾ?" ಎಂದು ತಲೆ ಆಡಿಸುತ್ತಿದ್ದ, ಮತ್ತು ಬರೆದುಕೊಳ್ಳದೆ ಮುಂದಿನ ಟೇಬಲ್ಲಿಗೆ ಹೋಗುತ್ತಿದ್ದ. ಕದಿಯುವವನೂ ಬೇಡವೆಂದು ಬಿಟ್ಟುಹೋಗುವ ರೀಡಿಂಗ್ ನನ್ನದು!

ಅವನು ಸಿಕ್ಕಿಬಿದ್ದದ್ದು ಲಿಂಬೆಹಣ್ಣಿನಿಂದ. ಇಂಡಿ ಲಿಂಬೆಗೆ ಈಗ ಜಿಐ ಟ್ಯಾಗ್ ಇದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲೇ ಇದೆ. ಆಗ ಅದು ಬರೀ ಹೊಲದ ಲಿಂಬಿ. ಒಂದು ದಿನ ಸರ್, "ನಾಳೆ ಎಲ್ಲಾರೂ ನಿಮ್ಮ ನಿಮ್ಮ ಹೊಲದ ಲಿಂಬಿ ತರ್ರಿ, ಹುಳಿ ಎಷ್ಟೈತಿ ನೋಡೂಣು" ಎಂದರು. ಹಿಂಡಿದ ರಸ 10 ಎಂಎಲ್ ತೆಗೆದುಕೊಂಡು ನೀರು ಬೆರೆಸಿ 100 ಮಾಡು, ಅದರಲ್ಲಿ 10 ಪಿಪೆಟ್ ಮಾಡು, ಎರಡು ಹನಿ ಫಿನಾಫ್ತಲೀನ್ ಹಾಕು, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಬಿಡು. ತಿಳಿ ಗುಲಾಬಿ ಬಂದು ನಿಂತರೆ ಮುಗಿಯಿತು. ಒಂದು ಎಂಎಲ್‌ಗೆ 6.4 ಮಿಲಿಗ್ರಾಂ ಸಿಟ್ರಿಕ್ ಆಮ್ಲ; ಅಂದರೆ ಬ್ಯುರೆಟ್ 10 ತೋರಿಸಿದರೆ ರಸದಲ್ಲಿ ಶೇಕಡಾ 6.4. ಈ ಲೆಕ್ಕ ಹಿಂದಿನಿಂದ ಮುಂದಕ್ಕೆ ಮಾಡುವುದರಲ್ಲಿ ನಿಂದೆಷ್ಟಪ್ಪ ನಮ್ಮೆಲ್ಲರಿಗಿಂತ ಚುರುಕು.

ಆದರೆ ಅವತ್ತು ಒಬ್ಬನಿಗೆ 9.6, ಇನ್ನೊಬ್ಬನಿಗೆ 10.3, ಮೂಲೆಯ ಟೇಬಲ್ಲಿನಲ್ಲಿ 11.8. ಹಣ್ಣು ಬೇರೆ, ಹೊಲ ಬೇರೆ, ಹೊಂದುವುದೆಲ್ಲಿಂದ? ಅವನು ಎಲ್ಲ ಟೇಬಲ್ ಸುತ್ತಿ, ಎಲ್ಲ ಕೂಡಿಸಿ, ಭಾಗಿಸಿ, ಮೂರೂ ಸಾಲಿನಲ್ಲಿ 10.37 ಎಂದು ಬರೆದ.

ಸರ್ ಕನ್ನಡಕ ಹಣೆಗೇರಿಸಿದರು. "ಬ್ಯುರೆಟ್ಟಿನಾಗ ಗೆರಿ 0.1ಕ್ಕ ಒಂದ್ ಅದಾವ. ಈ 37 ಎಲ್ಲಿ ಓದಿದಿ ತಮ್ಮಾ?"

"ಕಣ್ಣ ಸಣ್ಣ ಮಾಡಿ ನೋಡೀನ್ರೀ ಸರ."

"ಹೌದಾ? ಯಾರ ಹೊಲದ್ದು ಲಿಂಬಿ?"

ಅವನು ಹಣ್ಣೇ ತಂದಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾರ ಹೊಲದ್ದೂ ರೀ" ಎಂದ.

ಸರ್ ಅವನ ಬ್ಯುರೆಟ್ಟಿನ ಬಾಯಿಗೆ ಬೆರಳಿಟ್ಟು ನೋಡಿದರು. ಒಣಗಿತ್ತು. ನಕ್ಕದ್ದು ಕಾಣಬಾರದೆಂದು ಬೋರ್ಡಿನ ಕಡೆ ತಿರುಗಿ, ಎಲ್ಲರೂ ಹೋದ ಮೇಲೆ ಒಬ್ಬನೇ ಮಾಡಿ ತೋರಿಸು ಎಂದರು. ನನ್ನ ಹತ್ತಿರ ಉಳಿದಿದ್ದ ರಸವನ್ನೇ ಅವನಿಗೆ ಕೊಟ್ಟರು. ಬಾಗಿಲ ಸಂದಿಯಿಂದ ನೋಡಿದೆ. ಎಮ್ಮೆ ಹಿಂಡಿ ಪಳಗಿದ ಬೆರಳು. ಸ್ಟಾಪ್‌ಕಾಕ್ ಅವನು ಹೇಳಿದಂತೆ ಕೇಳುತ್ತಿತ್ತು. ಕೊನೆಗೆ ಅರ್ಧ ಹನಿ ಬಿಟ್ಟು ವಾಶ್ ಬಾಟಲಿಯಿಂದ ತೊಳೆದು ಇಳಿಸಿದ, ನಾನು ಪುಸ್ತಕದಲ್ಲಷ್ಟೇ ಓದಿದ್ದ ಕೆಲಸ. ಅದೇ ಹಣ್ಣಿಗೆ ನನಗೆ 11.6 ಬಂದಿತ್ತು. ಅವನಿಗೆ 10.9, 10.9, 10.8. ಅವತ್ತು ಅವನ ಸಂಜೆಯ ಬಸ್ಸು ತಪ್ಪಿತು. ಮನೆಯಲ್ಲಿ ಎಮ್ಮೆ ಹಿಂಡುವವನು ಅವನೊಬ್ಬನೇ, ಆ ಬಸ್ಸಿಗಾಗಿಯೇ ದಿನಾ ಮೊದಲು ಹೊರಡುತ್ತಿದ್ದ ಎಂಬುದು ನಮಗೆ ಆಗ ತಿಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ಯಾರೂ ಕೇಳದಿದ್ದರೂ ಬಂದ ಬಂದವರಿಗೆಲ್ಲ ಹೇಳುತ್ತಿದ್ದ: "ನಂದ ಹತ್ತು ಪಾಯಿಂಟ್ ಒಂಬತ್ತ ಬಂತಲೇ!"

ಅವನ ಪ್ರಶ್ನೆಯನ್ನು ಜಗತ್ತಿನ ದೊಡ್ಡ ಲ್ಯಾಬುಗಳೂ ಕೇಳುತ್ತವೆ ಎಂದು ತಡವಾಗಿ ತಿಳಿದು ನನಗೆ ಇನ್ನಷ್ಟು ಸಿಟ್ಟು ಬಂತು. ಒಂದೇ ಸ್ಯಾಂಪಲ್ಲನ್ನು ಹಲವು ಲ್ಯಾಬುಗಳಿಗೆ ಕಳಿಸಿ ಉತ್ತರ ತಾಳೆ ನೋಡುತ್ತಾರಂತೆ. ಅಮೆರಿಕದ ವಿಲಿಯಂ ಹಾರ್ವಿಟ್ಜ್ 1980ರಲ್ಲಿ ಅಂಥ ಉತ್ತರಗಳನ್ನೆಲ್ಲ ರಾಶಿ ಹಾಕಿ ಒಂದು ಲೆಕ್ಕ ಕೊಟ್ಟ: ಹುಡುಕುವ ವಸ್ತು ನೂರರಲ್ಲಿ ಒಂದು ಭಾಗ ಇದ್ದರೆ ಲ್ಯಾಬು ಲ್ಯಾಬಿಗೆ ಸುಮಾರು ಶೇಕಡಾ 4 ವ್ಯತ್ಯಾಸ, ಹತ್ತು ಲಕ್ಷದಲ್ಲಿ ಒಂದು ಭಾಗ ಇದ್ದರೆ ಶೇಕಡಾ 16. ಪಳಗಿದ ಕೈಗಳಿಗೇ ಇಷ್ಟು. ಹಾಗಾದರೆ ಮೂರು ಸಾಲಿನಲ್ಲೂ 10.37 ಬರೆದವನ ಧೈರ್ಯ ಎಂಥದ್ದಿರಬೇಕು!

ನಿಂದೆಷ್ಟಪ್ಪ ಈಗ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಲ್ಯಾಬ್ ಕೆಮಿಸ್ಟ್. ಹಂಗಾಮು ಶುರುವಾದರೆ ರಾತ್ರಿ ಪಾಳಿ, ತಾಸಿಗೊಮ್ಮೆ ರಸದ ಬ್ರಿಕ್ಸು, ಪೋಲು. ಅಲ್ಲಿ ದಶಮಾಂಶ ಅಂದರೆ ರೊಕ್ಕ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ದರ, ಅಂದರೆ ಎಫ್‌ಆರ್‌ಪಿ ಶೇಕಡಾ 10.25 ರಿಕವರಿಗೆ (ಕಬ್ಬಿನಿಂದ ಬರುವ ಸಕ್ಕರೆಯ ಪಾಲು) ಟನ್ನಿಗೆ 3,550 ರೂಪಾಯಿ. ಮೇಲಿನ ಪ್ರತಿ 0.1ಕ್ಕೆ 34 ರೂಪಾಯಿ 60 ಪೈಸೆ ಹೆಚ್ಚು. ಹಾಗಾಗಿ ಊರಿಗೆ ಬಂದಾಗ ಚಾದಂಗಡಿಯಲ್ಲಿ ಅವನಿಗೆ ಬಿಡುವಿಲ್ಲ. "ಕಬ್ಬ ನಂದು, ಕಾಟಾ ನಿಮ್ದು, ರಿಕವರಿನೂ ನಿಮ್ದ. ನೀವು ಬರದಿದ್ದ ಖರೇ" ಎಂದು ಹಿರಿಯರು ಮುಖಕ್ಕೆ ಹೊಡೆದಂತೆ ಹೇಳಿದರೆ, ಅವನು ಚಾ ಬಿಟ್ಟು ಎದ್ದು ಜಗಳಕ್ಕೆ ನಿಲ್ಲುತ್ತಾನೆ. ಅಂಕಿಯನ್ನು ಯಾರೂ ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ ಎಂದು ಅವನು ಭಾಷಣ ಮಾಡುವಾಗ ನಾನು ಚಾದಂಗಡಿಯ ಸೂರು ನೋಡುತ್ತ ಕೂತಿರುತ್ತೇನೆ.

ಹೋದ ಸಲ ಒಬ್ಬ ಕಾಕಾ ಒಂದು ಕಬ್ಬಿನ ಗಳವನ್ನೇ ಕಿತ್ತು ತಂದಿದ್ದ. ನಿಂದೆಷ್ಟಪ್ಪ ಚೀಲದಿಂದ ಹ್ಯಾಂಡ್ ರಿಫ್ರಾಕ್ಟೋಮೀಟರ್ ತೆಗೆದು, ಗಾಜು ಒರೆಸಿ, ಬುಡದ ಗಣಿಕೆಯ ರಸ ಎರಡು ಹನಿ ಬಿಟ್ಟು ಬಿಸಿಲಿಗೆ ಹಿಡಿದ. ಬ್ರಿಕ್ಸ್ 20. ಮತ್ತೆ ಒರೆಸಿ ತುದಿಯ ಗಣಿಕೆ ನೋಡಿದ. 16. ಒಂದೇ ಕಬ್ಬಿಗೆ ಎರಡು ಉತ್ತರ ಹೆಂಗ ಬಂತು ಎಂದು ಕಾಕಾ ಹುಬ್ಬೇರಿಸಿದ. ಸಕ್ಕರೆ ಮೊದಲು ತುಂಬುವುದು ಬುಡದಲ್ಲಿ, ತುದಿ ಇನ್ನೂ ಮಾಗಿಲ್ಲ, ಹದಿನೈದು ದಿನ ತಡೆದು ಕಡಿಸು, ಎರಡೂ ಹತ್ತಿರ ಬರುತ್ತವೆ ಎಂದು ಇವನು ಸಮಾಧಾನದಿಂದ ತಿಳಿಹೇಳಿ, ಎರಡನ್ನೂ ಚೀಟಿಯಲ್ಲಿ ಬರೆಯಲು ಪೆನ್ಸಿಲ್ ತೆಗೆದ.

ಕಾಕಾ ಅವನ ಕೈ ಹಿಡಿದುಕೊಂಡ. "ಬುಡದ್ದಷ್ಟ ಬರಕೊಳ್ಳೊ ತಮ್ಮಾ. ತುದಿ ಹೆಂಗಿದ್ರೂ ದನಾ ತಿಂತಾವ."