ಮಾವನ ಕೋವಿಗೊಂದು ಸ್ಕೋಪು

ಅಮೆರಿಕದಿಂದ ಊರಿಗೆ ಹೊರಡುವವರ ಸೂಟ್‌ಕೇಸಿಗೆ ವಿಮಾನದವರು 23 ಕಿಲೋ ಮಿತಿ ಹಾಕಿದ್ದಾರೆ. ಊರಿನವರ ಪಟ್ಟಿಗೆ ಅಂಥ ಮಿತಿಯನ್ನು ಯಾರೂ ಹಾಕಿಲ್ಲ. ಕಾಸ್ಟ್‌ಕೋ ಬಾದಾಮಿ, ಅತ್ತಿಗೆಗೆ ಕೈಚೀಲ, ಮಂಡಿನೋವಿಗೆ ಮುಲಾಮು, ದೊಡ್ಡಪ್ಪನಿಗೆ ‘ಐವತ್ತು ದಾಟಿದವರಿಗೆ’ ಎಂದು ಬರೆದಿರುವ ವಿಟಮಿನ್ ಡಬ್ಬಿ. ದೊಡ್ಡಪ್ಪ ಎಂಬತ್ತೂ ದಾಟಿದ್ದಾರೆ, ಆದರೂ ಅವರಿಗೆ ಅದೇ ಡಬ್ಬಿ ಆಗಬೇಕು. ಇಷ್ಟೆಲ್ಲದರ ನಡುವೆ ಮದುವೆಯಾದಾಗಿನಿಂದ ಏನನ್ನೂ ಕೇಳದೆ ಉಳಿದಿದ್ದವರು ನನ್ನ ಮಾವ ಒಬ್ಬರೇ. ವಿರಾಜಪೇಟೆ ಕಡೆಯ ಕಾಫಿ ತೋಟದ ಕೊಡವರು. ಕೇಳುವುದು ಅವರ ಜಾಯಮಾನವಲ್ಲ. ಅಂಥವರು ಹೋದ ಸೆಪ್ಟೆಂಬರಿನಲ್ಲಿ ಫೋನು ಮಾಡಿ, “ಅಳಿಯಂದಿರೇ, ಬರುವಾಗ ಒಂದು ಸ್ಕೋಪು ತನ್ನಿ. ಪಾಯಿಂಟ್ ಟೂಟೂಗೆ ಕೂರುವಂಥದ್ದು” ಅಂದರು.

ಕಾರಣವನ್ನು ಅವರು ಹೇಳಲಿಲ್ಲ, ಅತ್ತೆ ಹೇಳಿದರು. ಸೆಪ್ಟೆಂಬರ್ ಎಂದರೆ ಕೊಡಗಿನಲ್ಲಿ ಕೈಲ್ ಪೋಳ್ದ್ ಹಬ್ಬ. ನಾಟಿ ಮುಗಿದು ಗದ್ದೆಯ ಕೆಲಸಕ್ಕೆ ಬಿಡುವು ಸಿಕ್ಕಿರುತ್ತದೆ. ಮನೆಯ ಕೋವಿಗಳನ್ನೆಲ್ಲ ಒರೆಸಿ, ಎಣ್ಣೆ ಹಾಕಿ, ದೇವರ ಮುಂದೆ ಸಾಲಾಗಿ ಒರಗಿಸಿ, ನಳಿಗೆಯ ತುದಿಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸುತ್ತಾರೆ. ಕಡಂಬುಟ್ಟು, ಪಂದಿ ಕರಿಯ ಊಟವಾದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಟ್ವೆಲ್ವ್ ಬೋರಿನ ಕೋವಿಯವರದ್ದು ಒಂದು ಗುಂಪು, ಪಾಯಿಂಟ್ ಟೂಟೂ ರೈಫಲಿನವರದ್ದು ಇನ್ನೊಂದು. ಮಾವನ ಈಡು ತಪ್ಪಿದ್ದನ್ನು ಆ ಊರು ಕಂಡಿರಲಿಲ್ಲ. ಈ ಸಲ ಕಾಯಿ ಅಲ್ಲಾಡಲಿಲ್ಲ. ಅವರ ಹಿಂದೆಯೇ ಬಂದ ಬೆಂಗಳೂರಿನ ಹುಡುಗಿಯೊಬ್ಬಳು, ರಜೆಗೆ ಬಂದವಳು, ಮೊದಲ ಹೊಡೆತಕ್ಕೇ ಚಿಪ್ಪು ಚೂರು ಮಾಡಿದಳು. ಮಾವ ಚಪ್ಪಾಳೆ ತಟ್ಟಿದರಂತೆ, ಆದರೆ ರಾತ್ರಿ ಸರಿಯಾಗಿ ಉಣ್ಣಲಿಲ್ಲವಂತೆ.

ನಾನು ಸಕಲೇಶಪುರದ ಕಡೆಯವನು. ನಮ್ಮ ಮನೆಯಲ್ಲೂ ಒಂಟಿ ನಳಿಗೆಯದೊಂದು ಕೋವಿ ಇದೆ, ಬೆಳೆ ರಕ್ಷಣೆಯ ಲೈಸೆನ್ಸಿನದು. ಚುನಾವಣೆ ಘೋಷಣೆಯಾಯಿತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಪಂಚಾಯಿತಿಗೊಮ್ಮೆ, ವಿಧಾನಸಭೆಗೊಮ್ಮೆ, ಲೋಕಸಭೆಗೊಮ್ಮೆ. ನೀತಿ ಸಂಹಿತೆಯನ್ನು ಪಕ್ಷಗಳು ಎಷ್ಟು ಪಾಲಿಸುತ್ತವೋ ಏನೋ, ಕಾಡುಹಂದಿಗಳಂತೂ ಪಾಲಿಸುವುದಿಲ್ಲ. ಇಷ್ಟು ಕಷ್ಟಪಟ್ಟು ಇಟ್ಟುಕೊಂಡ ಕೋವಿಯಿಂದ ಅಪ್ಪ ಹಾರಿಸಿದ ಈಡುಗಳಿಗಿಂತ ನವೀಕರಣಕ್ಕೆ ಹಾಕಿದ ಸಹಿಗಳೇ ಹೆಚ್ಚು. ಹಾಗಾಗಿ ಮದುವೆಗೆ ಮೊದಲು ಮಾವನ ಮನೆಗೆ ಹೋದಾಗ, ಗೋಡೆಯ ಮೇಲಿನ ಜೋಡಿ ನಳಿಗೆ ನೋಡಿ ಅಪ್ಪ ಕೇಳಿದ ಮೊದಲ ಮಾತೇ “ಲೈಸೆನ್ಸು ಯಾವಾಗ ರಿನ್ಯೂವಲ್ಲು?” ಎಂದು. ಮಾವ, “ನಮಗೆ ಲೈಸೆನ್ಸ್ ಇಲ್ಲ” ಅಂದರು. ಅಪ್ಪ ಮುಂದಿನ ಅರ್ಧ ಗಂಟೆ ಹುಡುಗಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಾವನಿಗೆ ಲೈಸೆನ್ಸ್ ಬೇಡವಾದದ್ದು 1861ರ ಕಥೆ. ಸಿಪಾಯಿ ದಂಗೆಯ ತರುವಾಯ ಇಂಗ್ಲಿಷರು ಊರೂರಿನ ಆಯುಧಗಳನ್ನು ಕಿತ್ತುಕೊಳ್ಳುತ್ತಿದ್ದಾಗ, ನಮ್ಮ ಕಬ್ಬನ್ ಪಾರ್ಕಿನ ಮಾರ್ಕ್ ಕಬ್ಬನ್ ಕೊಡಗಿನವರಿಗೆ ವಿನಾಯಿತಿ ಕೊಟ್ಟ. ಇಂಗ್ಲಿಷರು ಹೋದರು, 1959ರಲ್ಲಿ ಹೊಸ ಶಸ್ತ್ರ ಕಾಯ್ದೆ ಬಂತು, ವಿನಾಯಿತಿ ಉಳಿಯಿತು. ಕೊಡವ ಜನಾಂಗದವರಿಗೆ ಮತ್ತು ಕೊಡಗಿನಲ್ಲಿ ತಲೆಮಾರುಗಳಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ಬೇಕಿಲ್ಲ, ವಿನಾಯಿತಿ ಪತ್ರವಿದ್ದರೆ ಸಾಕು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಇನ್ನೊಂದು ಎನ್ನುವ ಊರಿನಲ್ಲಿ ಪ್ರತಿ ಸಲವೂ ಲೈಸೆನ್ಸ್ ಪುಸ್ತಕ ಹುಡುಕುವುದಾದರೂ ಹೇಗೆ? ಇದು ಸಮಾನತೆಗೆ ವಿರುದ್ಧ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಮಾವನ ಪಕ್ಷ ನಾನು, ಅರ್ಜಿದಾರರ ಪಕ್ಷ ಅಪ್ಪ. ಆ ತೀರ್ಪು ಬಂದ ದಿನ ಬೀಗರಿಬ್ಬರೂ ಫೋನಿನಲ್ಲಿ ಮಳೆಯ ವಿಷಯ ಮಾತ್ರ ಮಾತಾಡಿದರು.

ಇನ್ನು ನಮ್ಮ ಡುಲುತ್. ಅಟ್ಲಾಂಟಾದ ಈಶಾನ್ಯಕ್ಕಿರುವ ಈ ಊರಿನಲ್ಲಿ ಪ್ಲೆಸೆಂಟ್ ಹಿಲ್ ರಸ್ತೆಯ ಎಚ್ ಮಾರ್ಟಿನಲ್ಲಿ ಕೊರಿಯನ್ನರ ಜೊತೆ ನಿಂತು ನುಗ್ಗೇಕಾಯಿ ಆರಿಸುವ ನಮಗೆ ಬಂದೂಕಿನ ನೆನಪೇ ಬರುವುದಿಲ್ಲ. ಆದರೆ ನಾವಿರುವ ಗ್ವಿನೆಟ್ ಕೌಂಟಿಯ ಹೆಸರೇ ಬಂದೂಕಿಗೆ ಬಲಿಯಾದವನದು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಬಟನ್ ಗ್ವಿನೆಟ್, ಮರುವರ್ಷ 1777ರ ಮೇ ತಿಂಗಳಲ್ಲಿ ಲಾಕ್ಲನ್ ಮೆಕಿಂಟಾಷ್ ಎಂಬ ಸೇನಾಧಿಕಾರಿಯ ಜೊತೆ ಪಿಸ್ತೂಲಿನ ದ್ವಂದ್ವಕ್ಕಿಳಿದು, ಗುಂಡೇಟು ತಿಂದು ಸತ್ತ. ಬೇಗ ಸತ್ತಿದ್ದರಿಂದ ಅವನ ಸಹಿಗಳು ಹೆಚ್ಚು ಉಳಿದಿಲ್ಲ, ಇವತ್ತು ಒಂದೊಂದಕ್ಕೂ ಕಣ್ಣು ಕುಕ್ಕುವ ಬೆಲೆ. ಅಪ್ಪನ ಸಹಿಗಳ ಗತಿ ಇದಕ್ಕೆ ತದ್ವಿರುದ್ಧ.

ನಮ್ಮ ಜಾರ್ಜಿಯ ರಾಜ್ಯದಲ್ಲಿ 2022ರ ಏಪ್ರಿಲಿನಿಂದ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ ಓಡಾಡಲು ಪರವಾನಗಿ ಬೇಕಿಲ್ಲ, ಕಾನೂನಿನ ಅಡ್ಡಿಯಿಲ್ಲದವರಾಗಿದ್ದರಾಯಿತು. ಹತ್ತಿರದ ಕಾಬ್ ಕೌಂಟಿಯ ಕೆನೆಸಾ ಪಟ್ಟಣ ಇನ್ನೂ ಒಂದು ಹೆಜ್ಜೆ ಮುಂದೆ. ಪ್ರತಿ ಮನೆಯ ಯಜಮಾನನೂ ಒಂದು ಬಂದೂಕು, ಜೊತೆಗೆ ಗುಂಡು ಇಟ್ಟುಕೊಳ್ಳತಕ್ಕದ್ದು ಎಂದು 1982ರಲ್ಲೇ ಅಲ್ಲಿ ಕಾನೂನು ಮಾಡಿದ್ದಾರೆ. ಇಲಿನಾಯ್ಸಿನ ಮಾರ್ಟನ್ ಗ್ರೋವ್ ಎಂಬ ಊರು ಕೈಬಂದೂಕು ನಿಷೇಧಿಸಿತೆಂಬ ಸಿಟ್ಟಿಗೆ ಕೊಟ್ಟ ಉತ್ತರ ಅದು. ಬಡವರಿಗೆ, ಅಂಗವಿಕಲರಿಗೆ, ಧರ್ಮದ ಕಾರಣಕ್ಕೆ ಒಲ್ಲೆ ಎನ್ನುವವರಿಗೆ ಬಿಡುವು ಉಂಟು, ಉಳಿದವರನ್ನೂ ಯಾರೂ ಬಂದು ಕೇಳುವುದಿಲ್ಲ. ಆ ಊರಲ್ಲಿ ಮನೆ ಕೊಂಡ ನಮ್ಮ ಜೈನ ಗೆಳೆಯರೊಬ್ಬರು ಮಾತ್ರ ತಮ್ಮ ಅಹಿಂಸೆಗೆ ಪುರಸಭೆಯ ಮಾನ್ಯತೆ ಇದೆ ಎಂದು ಹೇಳಿಕೊಂಡು ಓಡಾಡುತ್ತಾರೆ.

ಇಂಥ ರಾಜ್ಯದಲ್ಲಿ ಬಂದೂಕು ಮುಟ್ಟಬಾರದವನು ಯಾರು ಎಂದರೆ ನಾನು. ಎಚ್-1ಬಿ ವೀಸಾದವನು ಬಂದೂಕು ಕೊಳ್ಳುವುದಿರಲಿ, ಕೈಯಲ್ಲಿ ಹಿಡಿಯುವುದೂ ಕೇಂದ್ರದ ಕಾನೂನಿನಂತೆ ಅಪರಾಧ. ಹಸಿರು ಕಾರ್ಡಿನ ಸರತಿಯಲ್ಲಿ ನಿಂತು ತಲೆ ನೆರೆತಿದ್ದರೂ ಅದನ್ನು ಕೇಳುವವರಿಲ್ಲ. ಅಂಗಡಿಯಲ್ಲಿ ತುಂಬಿಸುವ 4473 ಎಂಬ ಫಾರಮ್ಮಿನಲ್ಲಿ ಪೌರತ್ವ, ವೀಸಾ, ಅಪರಾಧ, ಗಾಂಜಾ ಎಲ್ಲ ವಿಚಾರಿಸುತ್ತಾರೆ. ನಿನಗೆ ಗುರಿ ಹೊಡೆಯಲು ಬರುತ್ತದೆಯೇ ಎಂದು ಮಾತ್ರ ಎಲ್ಲೂ ಕೇಳುವುದಿಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ಹಿರಿಯರು ಪಕ್ಕದಲ್ಲಿ ಕೂತ ಹೊಸಬರನ್ನು ಊಟಕ್ಕೆ ಮೊದಲೇ “ನೀವು ಯಾವ ಪೈಕಿ?” ಎಂದು ಕೇಳಿಬಿಡುತ್ತಾರಲ್ಲ, ಕೋವಿಯ ಕಾನೂನು ಎರಡೂ ದೇಶಗಳಲ್ಲಿ ಅದೇ ಜಾತಿಯ ಹಿರಿಯ. ಅಲ್ಲಿ ಜಮ್ಮಾ ಪೈಕಿಯೋ, ಇಲ್ಲಿ ಹಸಿರು ಕಾರ್ಡಿನ ಪೈಕಿಯೋ, ಅದು ತೀರ್ಮಾನವಾದ ಮೇಲೆ ಉಳಿದ ಮಾತು.

ಆದರೂ ಒಂದು ಕಿಂಡಿ ಇದೆ. ಬೇಟೆಯ ಲೈಸೆನ್ಸ್ ಇದ್ದರೆ ಎಚ್-1ಬಿಯವನೂ ಬಂದೂಕು ಹಿಡಿಯಬಹುದು. ಅದನ್ನು ರಾಜ್ಯ ಸರ್ಕಾರ ಮನೆಯಲ್ಲಿ ಕೂತಲ್ಲಿಗೇ ಮಾರುತ್ತದೆ. ಪರಿಣಾಮವಾಗಿ, ಆಫೀಸಿನವರ ಜೊತೆ ಟೀಮ್ ಔಟಿಂಗಿಗೆ ಶೂಟಿಂಗ್ ರೇಂಜಿಗೆ ಹೋಗಬೇಕೆಂಬ ಒಂದೇ ಆಸೆಗೆ ನಮ್ಮ ಅನೇಕ ಹುಡುಗರು ಜಾರ್ಜಿಯದ ಅಧಿಕೃತ ಬೇಟೆಗಾರರಾಗಿದ್ದಾರೆ. ಇಲ್ಲಿನ ನೃಪತುಂಗ ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಈರುಳ್ಳಿ ಹಾಕದ ಸಾರು ಯಾವುದೆಂದು ವಿಚಾರಿಸುತ್ತಿದ್ದ ಉಡುಪಿಯ ಕಡೆಯ ಹುಡುಗನ ಪಾಕೀಟಿನಲ್ಲಿ ಆ ಲೈಸೆನ್ಸನ್ನು ನಾನೇ ಕಂಡಿದ್ದೇನೆ. ತೆಗೆದು ತೋರಿಸಿ, ಅಮ್ಮನಿಗೆ ಹೇಳಬೇಡಿ ಸಾರ್ ಎಂದ.

ಸ್ಕೋಪಿಗೆ ಬರೋಣ. ಅದು ಬಂದೂಕಲ್ಲ, ಗಾಜು ಕೂರಿಸಿದ ಕೊಳವೆ. ಅಂಗಡಿಯವನು ಫಾರಮ್ಮು ಕೊಡಲಿಲ್ಲ, ಹೆಸರು ಕೇಳಲಿಲ್ಲ, ಬಿಲ್ಲಿನ ಜೊತೆ ಒಂದು ಟೋಪಿ ಬೇರೆ ಪುಕ್ಕಟೆ ಕೊಡಲು ಬಂದ. ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವ ಟಿಎಸ್‌ಎಯವರೂ ಸ್ಕೋಪನ್ನು ಕೈಚೀಲದಲ್ಲೇ ಒಯ್ಯಲು ಬಿಡುತ್ತಾರೆ. ಗೊಜ್ಜಿನ ಬಾಟಲಿ ಕಸಿದುಕೊಳ್ಳುವವರು ಇದಕ್ಕೆ ಕೈ ಬೀಸುತ್ತಾರೆ! ಆದರೆ ಅದು ದೇಶದ ಗಡಿ ದಾಟುವ ಮಾತು ಬಂದ ಕೂಡಲೇ ಅಮೆರಿಕದ ವಾಣಿಜ್ಯ ಇಲಾಖೆ ಎದ್ದು ನಿಲ್ಲುತ್ತದೆ. ಅವರ ರಫ್ತು ನಿಯಂತ್ರಣ ಪಟ್ಟಿಯಲ್ಲಿ ಬಂದೂಕಿನ ಸ್ಕೋಪಿಗೆ 0ಎ504 ಎಂದು ಒಂದು ಸಂಖ್ಯೆ ಇದೆ. ಯಾವ ದೇಶಕ್ಕೆ, ಯಾರಿಗೆ, ಯಾತಕ್ಕೆ ಎಂದು ನೋಡಿ ಪರವಾನಗಿ ಬೇಕೋ ಬೇಡವೋ ಹೇಳುತ್ತಾರೆ. ಅಳಿಯನ ಕೈಚೀಲದಲ್ಲಿ ಹೋದರೂ ಅದು ರಫ್ತೇ.

ಇತ್ತ ಭಾರತದ ಕಸ್ಟಮ್ಸಿನವರದ್ದು ಇನ್ನೊಂದು ಲೋಕ. ಅವರ 2016ರ ಬ್ಯಾಗೇಜ್ ನಿಯಮಗಳಲ್ಲಿ ಸುಂಕದ ರಿಯಾಯಿತಿ ಸಿಗದ ವಸ್ತುಗಳ ಪಟ್ಟಿ ಒಂದಿತ್ತು. ಬಂದೂಕು, ಐವತ್ತಕ್ಕಿಂತ ಹೆಚ್ಚು ತೋಟಾ, ನೂರಕ್ಕಿಂತ ಹೆಚ್ಚು ಸಿಗರೇಟು, ಎರಡು ಲೀಟರ್ ಮೀರಿದ ಮದ್ಯ, ಕೊನೆಗೆ ಗೋಡೆಗೆ ತೂಗುಹಾಕುವ ಚಪ್ಪಟೆ ಟಿವಿ. ಇದನ್ನು ಬರೆದ ಅಧಿಕಾರಿ ದುಬೈ ವಿಮಾನ ಇಳಿಯುವುದನ್ನು ಬಹಳ ಕಾಲ ನಿಂತು ನೋಡಿದವನೇ ಇರಬೇಕು.

ಈ ನಡುವೆ ಹೆಂಡತಿಯ ಚಿಕ್ಕಪ್ಪನ ಮಗ ತನಗೊಂದು ಸೈಲೆನ್ಸರ್ ಬೇಕೆಂದು ಸಂದೇಶ ಕಳಿಸಿದ. ಇದಕ್ಕೆ ಉತ್ತರ ಸುಲಭ. ಸದ್ದನ್ನೋ ಬೆಂಕಿಯ ಮಿಂಚನ್ನೋ ಅಡಗಿಸುವ ಉಪಕರಣ ನಮ್ಮ ಶಸ್ತ್ರ ಕಾಯ್ದೆಯ ಎರಡನೇ ಸೆಕ್ಷನ್ನಿನ ಪ್ರಕಾರ ತಾನೇ ಒಂದು ಬಂದೂಕು. ಅಮೆರಿಕದಲ್ಲೂ 1934ರಿಂದ ಅದಕ್ಕೆ 200 ಡಾಲರ್ ತೆರಿಗೆ ಇತ್ತು. 2026ರಿಂದ ತೆರಿಗೆ ಸೊನ್ನೆಯಾಗಿದೆ, ಅರ್ಜಿ ಹಾಗೇ ಇದೆ. ಇಷ್ಟನ್ನೂ ಬರೆದು ಕಳಿಸಿದೆ. ಅವನು ಒಂದು ಹೆಬ್ಬೆರಳು ಕಳಿಸಿದ.

ಮಾವನಿಗೆ ಮಾತ್ರ ಹೆಬ್ಬೆರಳು ಸಾಲದು. ಫೋನು ಮಾಡಿ ವಾಣಿಜ್ಯ ಇಲಾಖೆ, 0ಎ504, ಪರವಾನಗಿ ಎಲ್ಲ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, “ಅಂದರೆ ನನ್ನ ಕೋವಿಗೆ ಲೈಸೆನ್ಸ್ ಬೇಡ, ಅದರ ಕನ್ನಡಕಕ್ಕೆ ಬೇಕು” ಅಂದರು. ಹೌದು ಮಾವ ಅಂದೆ. ಆಗ ಹಿಂದಿನಿಂದ ಅತ್ತೆ, “ಕೋವಿಯ ಕಣ್ಣು ಸರಿಯಾಗೇ ಇದೆ, ಇವರದ್ದು ತೋರಿಸಿ ಅಂತ ಎರಡು ವರ್ಷದಿಂದ ಹೇಳ್ತಿದ್ದೇನೆ” ಅಂದದ್ದು ಕೇಳಿಸಿತು. ಮೈಸೂರಿನಲ್ಲಿ ತೋರಿಸಿದರು. ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದನ್ನು ಮೊದಲು ತೆಗೆಸಿದರು, ಗುರಿ ಹಿಡಿಯುವ ಕಣ್ಣು ಅದೇ ಆದ್ದರಿಂದ. ಪುತ್ತರಿಯ ಹೊತ್ತಿಗೆ ಮರದ ತುದಿಯ ಕಾಯಿಯ ಮೇಲೆ ಕೂತ ಇರುವೆಯನ್ನು ಎಣಿಸುತ್ತೇನೆ ಎನ್ನುವಷ್ಟಾಗಿದ್ದರು.

ಈಗ ಅವರ ತಲೆ ತುಂಬಾ ಬೇರೆ ಚಿಂತೆ. ವಿನಾಯಿತಿಯನ್ನು ಕೇಂದ್ರದ ಗೃಹ ಇಲಾಖೆ 2019ರಲ್ಲಿ ಹತ್ತು ವರ್ಷಕ್ಕೆ ಮಾತ್ರ ವಿಸ್ತರಿಸಿದೆ. ಆ ಗಡುವು 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ.